ಅಸಲಿ ಡಬ್ಬಿಯ ಶಶಿಕಾಂತ

ಯಾರಾದರೂ ಯಾರನ್ನಾದರೂ ಹೊಗಳುವುದು ಕಿವಿಗೆ ಬಿತ್ತೆಂದರೆ ಶಶಿಕಾಂತ ಮೊದಲು ತನ್ನ ಚಸ್ಮಾ ತೆಗೆಯುತ್ತಿದ್ದ. ತೆಗೆದು, ಕೋಟಿನ ಒಳಜೇಬಿನಿಂದ ಬಿಳಿಯ ಅರಿವೆಯ ತುಂಡೊಂದನ್ನು ಎಳೆದು, ಹೊಗಳಿಕೆ ಮುಗಿಯುವವರೆಗೂ ಗಾಜುಗಳನ್ನು ಒರೆಸುತ್ತ ನಿಲ್ಲುತ್ತಿದ್ದ. ಹೊಗಳಿಕೆ ಚಿಕ್ಕದಾಗಿದ್ದರೆ ಒಂದು ಗಾಜು, ದೀರ್ಘವಾಗಿದ್ದರೆ ಎರಡೂ. ಹೊಗಳಿಸಿಕೊಂಡವನು ತನ್ನ ಓಣಿಯವನೇ ಆಗಿದ್ದರೆ ಕಿವಿಗೆ ಸಿಕ್ಕಿಸುವ ಕಡ್ಡಿಗಳನ್ನೂ ಬಿಡುತ್ತಿರಲಿಲ್ಲ. ರೋಣದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಚಹಾದಂಗಡಿಯ ಮಂದಿಗೆ ಇದು ತಿಳಿದುಹೋಗಿತ್ತು. ಮಧ್ಯಾಹ್ನ ಹೊತ್ತು ಹೋಗದಿದ್ದರೆ ಅವನನ್ನು ಕರೆದು ಕೂರಿಸಿ, ಚಹಾ ಹೇಳಿ, ನರಗುಂದದಲ್ಲಿ ಯಾವನೋ ದರ್ಜಿ ಎಂಥಾ ಅಂಗಿ ಹೊಲಿಯುತ್ತಾನೆಂದು ಮೆಲ್ಲಗೆ ಶುರುಮಾಡುತ್ತಿದ್ದರು. ದರ್ಜಿಗೂ ಶಶಿಕಾಂತನಿಗೂ ಎತ್ತಣ ಸಂಬಂಧ! ಆದರೂ ಚಸ್ಮಾ ಇಳಿಯುತ್ತಿತ್ತು, ಚಹಾ ಆರುತ್ತಿತ್ತು.

ಆಳು ತೆಳ್ಳಗೆ, ಉದ್ದಕ್ಕೆ. ಮುಂದೆ ಹೋಗುತ್ತ ಪಕ್ಕಕ್ಕೆ ನೋಡುವ ನಡಿಗೆ. ಎಡಬಲದ ಅಂಗಡಿಗಳಲ್ಲಿ ಎಷ್ಟು ಗಿರಾಕಿಗಳಿದ್ದಾರೆಂದು ಕಣ್ಣಳತೆ ಹಾಕುತ್ತ ಹೋಗುವ ಈ ಅಭ್ಯಾಸದಿಂದ ಅವನು ಎಷ್ಟೋ ಸಲ ನಿಂತ ಟ್ರ್ಯಾಕ್ಟರಿಗೆ ಹಾಯ್ದದ್ದುಂಟು. ಮೈಮೇಲೆ ಬಾರಾಮಾಸ ಬೂದಿಬಣ್ಣದ ಕೋಟು. ಎಂದೋ ಊರಿಗೆ ವರ್ಗವಾಗಿ ಬಂದಿದ್ದ ಸಾಹೇಬರೊಬ್ಬರು ಕೋಟು ತೊಡುತ್ತಿದ್ದರೆಂಬ ಒಂದೇ ಕಾರಣಕ್ಕೆ ಅವನು ಹೊಲಿಸಿದ್ದು. ಸಾಹೇಬರು ವರ್ಗವಾಗಿ ಹೋದರು, ಕೋಟು ಉಳಿಯಿತು. ಮೇ ತಿಂಗಳ ಬಿಸಿಲಿನಲ್ಲಿ ನಾಯಿಗಳು ಚರಂಡಿ ಹುಡುಕುವ ಹೊತ್ತಿನಲ್ಲೂ ಅದರ ಗುಂಡಿ ಬಿಚ್ಚುತ್ತಿರಲಿಲ್ಲ. ಮಾತಿಗೆ ಮೊದಲು "ಅದು ಹಂಗಲ್ಲ" ಎನ್ನುವುದು ಅವನ ಬಾಯಿಚಟ. ಈ ವರ್ಷ ಜೋಳ ಚಲೋ ಬಂದದ್ರಿ ಎಂದರೂ "ಅದು ಹಂಗಲ್ಲ" ಎಂದೇ ಆರಂಭಿಸಿ, ಆಮೇಲೆ ಜೋಳ ಚೆನ್ನಾಗಿ ಬಂದಿರುವುದನ್ನು ತಾನೇ ವಿವರಿಸುತ್ತಿದ್ದ.

ಇಷ್ಟಾದರೂ ಕೆಲಸದಲ್ಲಿ ಅವನನ್ನು ಆಡಿಕೊಳ್ಳುವಂತಿರಲಿಲ್ಲ. ಅವನದು ಲಗ್ನಪತ್ರಿಕೆ ತಯಾರಿಸುವ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ತುಂಬ ಮಾದರಿ ಕಾರ್ಡುಗಳು. ನಮ್ಮ ಸೀಮೆಯ ಲಗ್ನಪತ್ರಿಕೆಯೆಂದರೆ ವಧೂವರರಿಗೆ ಒಂದು ಮೂಲೆ, ಮಿಕ್ಕದ್ದೆಲ್ಲ ಬಂಧುಗಳ ಹೆಸರು. ಯಾರ ಹೆಸರಿನ ಕೆಳಗೆ ಯಾರದು, ಅಳಿಯನದು ಮೊದಲೋ ಸೋದರಮಾವನದು ಮೊದಲೋ, ದತ್ತು ಹೋದವನ ಹೆಸರು ಯಾವ ಮನೆಯ ಸಾಲಿನಲ್ಲಿ ಬರಬೇಕು ಎಂಬುದೆಲ್ಲ ರಾಜತಾಂತ್ರಿಕ ವ್ಯವಹಾರ. ಹೆಸರು ಒಂದು ಸಾಲು ಕೆಳಗಿಳಿದರೆ ಮುಖ ಊದುತ್ತದೆ. ಹೆಸರೇ ಬಿಟ್ಟುಹೋದರೆ ಹೋಗಿಬರುವುದು ನಿಲ್ಲುತ್ತದೆ. ಅಸೂಟಿ, ಶಿರೋಳ, ಯಾವಗಲ್ಲಿನ ಎಷ್ಟೋ ಮನೆತನಗಳ ಈ ಹೆಸರಿನ ವರಸೆಯನ್ನು ಶಶಿಕಾಂತ ತನ್ನ ಕಂಪ್ಯೂಟರಿನಲ್ಲಿ ಕಾಪಾಡಿಕೊಂಡು ಬಂದಿದ್ದ. ಹುಟ್ಟಿದವರನ್ನು ಸೇರಿಸುವನು, ಸತ್ತವರ ಹಿಂದೆ "ಲಿಂಗೈಕ್ಯ" ಎಂದೋ "ಮರಹೂಂ" ಎಂದೋ ಹಚ್ಚುವನು, ಜಗಳಾಡಿದವರ ನಡುವೆ ಒಂದು ಹೂವಿನ ಚಿತ್ರ ಇಡುವನು. ಹೀಗಾಗಿ ಅವನ ಅಂಗಡಿಯಿಂದ ಹೊರಟ ಕಾರ್ಡಿನಿಂದ ಯಾವ ಮನೆಯೂ ಒಡೆದಿರಲಿಲ್ಲ.

ಅವನ ಇನ್ನೊಂದು ಹೆಮ್ಮೆ ಆ ಕಂಪ್ಯೂಟರಿನ ಡಬ್ಬಿ. ಅಂಗಡಿ ಹೂಡುವಾಗ ಹುಬ್ಬಳ್ಳಿಗೆ ಹೋಗಿ ಅಸಲಿ ವಿಂಡೋಸನ್ನು ಬೆಲೆ ಕೊಟ್ಟು ತಂದಿದ್ದ. ಡಬ್ಬಿಯ ಪಕ್ಕೆಗೆ ಅಂಟಿದ್ದ ಹೊಳೆಯುವ ಚೀಟಿ ಅದಕ್ಕೆ ಸಾಕ್ಷಿ. ಸವೆಯಬಾರದೆಂದು ಅದರ ಮೇಲೆ ಟೇಪು ಹಚ್ಚಿದ್ದ. ಕಾರ್ಡು ಮಾಡಿಸಲು ಬಂದವರಿಗೆ ಮೊದಲು ಚೀಟಿಯ ದರ್ಶನ, ಆಮೇಲೆ ಮಾತು. "ಅದು ಹಂಗಲ್ಲ, ರೋಣದಾಗ ಅಸಲಿ ಇರೂದು ಇದೊಂದ ನೋಡ್ರಿ" ಎಂದರೆ, ಎಳ್ಳು-ಜೋಳ ಬಿಟ್ಟು ಬೇರೇನೂ ಅರಿಯದ ಹಿರಿಯರು ದೇವರ ಮುಂದೆ ನಿಂತವರಂತೆ ತಲೆಯಾಡಿಸುತ್ತಿದ್ದರು.

ಇಂಥವನ ಎದೆಗೆ ಕೊಳ್ಳಿಯಿಟ್ಟವನು ದಿಲಾವರ. ಗಡಿಯಾರ ರಿಪೇರಿಯ ಮದರಸಾಬರ ಮಗ; ಅಪ್ಪನಿಂದ ಬೆರಳಿನ ಚುರುಕು ಬಂದಿತ್ತು, ಯಾರಿಂದ ಬಂತೋ ತಿಳಿಯದ ನಗುವೊಂದು ಮುಖದಲ್ಲಿತ್ತು. ಬೈಕಿನ ಟ್ಯಾಂಕಿನ ಮೇಲೆ ಕರಿಯ ಚೀಲ, ಚೀಲದ ತುಂಬ ಸಿ.ಡಿ.ಗಳು, ರೋಣ, ನರಗುಂದ, ಗಜೇಂದ್ರಗಡ ಮೂರೂ ಅವನಿಗೆ ಮನೆಯಂಗಳ. ಎರಡು ಸಾವಿರದ ಎಂಟರ ಸುಮಾರಿನ ಮಾತಿದು. ಹೊಸ ವಿಂಡೋಸು ಬಂದು ಹಳೆಯದು ಹಿಂದೆ ಬಿದ್ದಿದ್ದರೂ ನಮ್ಮ ಊರುಗಳಲ್ಲಿ ಹಳೆಯದರದೇ ಸಂಸಾರ ನಡೆದಿತ್ತು, ಅದೂ ಹೆಚ್ಚಿನಂಶ ನಕಲಿ. ಮಾರಿದವನು ಹಾಕಿ ಕೊಟ್ಟಿದ್ದ, ಕೊಂಡವನಿಗೆ ಗೊತ್ತಿರಲಿಲ್ಲ. ಆ ವರ್ಷ ಇಂಟರ್ನೆಟ್ಟಿಗೆ ಜೋಡಿಸಿದ ಕಂಪ್ಯೂಟರುಗಳ ಪರದೆ ಒಂದೊಂದಾಗಿ ಕಪ್ಪಾಗಿ, ಮೂಲೆಯಲ್ಲಿ ಇದು ಅಸಲಿಯಲ್ಲ ಎಂಬ ಬರಹ ಮೂಡತೊಡಗಿತು. ಅಂಗಡಿಕಾರರು ಗಾಬರಿಬಿದ್ದು ದಿಲಾವರನಿಗೆ ಫೋನು ಹಚ್ಚಿದರು.

ದಿಲಾವರನ ಬಳಿ ಅದಕ್ಕೊಂದು ಸಿ.ಡಿ. ಇತ್ತು. ಅಸಲಿಯ ಬೀಗವನ್ನು ಮುರಿದು ನಕಲಿಯನ್ನೇ ಅಸಲಿಯೆಂದು ನಂಬಿಸುವ ಕಳ್ಳಕೀಲಿ ಅದರಲ್ಲಿತ್ತು. ಅದನ್ನು ನಡೆಸಿದೊಡನೆ ಪುಟ್ಟ ಕಿಟಕಿಯೊಂದು ತೆರೆದು, ಪುಂಗಿಯೂದಿದಂಥ ಒಂದು ರಾಗ ಹೊರಡುತ್ತಿತ್ತು. ದಿಲಾವರ ಆ ರಾಗಕ್ಕೆ ತಲೆದೂಗುತ್ತ ಕೂರುವನು. ಅಕ್ಕಪಕ್ಕದ ಅಂಗಡಿಯವರು ಬಂದು ಹಿಂದೆ ನಿಲ್ಲುವರು. ರಾಗ ಮುಗಿಯುವಷ್ಟರಲ್ಲಿ ಕಪ್ಪು ಸರಿದು ನೀಲಿ ಆಕಾಶ, ಹಸಿರು ಗುಡ್ಡ ಪರದೆಯಲ್ಲಿ ಮರಳಿ ಬರುವುವು. ಅವನ ಷರತ್ತುಗಳು ಎರಡೇ. ಕೀಲಿ ನಡೆಸುವಾಗ ಆಂಟಿವೈರಸ್ ಮುಚ್ಚಬೇಕು. ಕೀಲಿ ಹಿಂದಕ್ಕೆ ಸರಿಸಿಟ್ಟ ಕಂಪ್ಯೂಟರಿನ ತಾರೀಖನ್ನು ಯಾರೂ ತಿದ್ದಬಾರದು. ಹೀಗೆ ಅಪ್ಪ ನಿಂತ ಗಡಿಯಾರಗಳನ್ನು ಮುಂದೆ ನಡೆಸಿದರೆ ಮಗ ನಡೆಯುವ ಕಾಲವನ್ನು ಹಿಂದೆ ಸರಿಸಿದ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವರ್ಷ, ಕಂಪ್ಯೂಟರಿನಲ್ಲಿ ಇನ್ನೊಂದು ವರ್ಷ ಇಟ್ಟುಕೊಂಡು ಮೂರೂ ಊರಿನ ಪೇಟೆಗಳು ನೆಮ್ಮದಿಯಿಂದಿದ್ದವು.

ಶಶಿಕಾಂತನಿಗೆ ಮಾತ್ರ ನೆಮ್ಮದಿಯಿರಲಿಲ್ಲ. ದಿಲಾವರನಿಗೆ ಎಲ್ಲೆಲ್ಲಿ ಚಹಾ ಕೊಟ್ಟರು, ಎಲ್ಲೆಲ್ಲಿ ಮಿರ್ಚಿಯನ್ನೂ ತರಿಸಿದರು ಎಂಬ ವರದಿ ಅವನಿಗೆ ಸಂಜೆಯೊಳಗೆ ಮುಟ್ಟುತ್ತಿತ್ತು, ಅವನೇ ಕೇಳಿ ತಿಳಿಯುತ್ತಿದ್ದ. ತನಗೆ ಕುರ್ಚಿ ತೋರಿಸುವವರು ಅವನಿಗೆ ಕುರ್ಚಿ ಒರೆಸಿ ಕೊಡುತ್ತಾರೆಂಬುದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆ ಹೆಸರನ್ನು ಅವನು ಉಚ್ಚರಿಸುತ್ತಿರಲಿಲ್ಲ, "ಪುಂಗಿ" ಎನ್ನುತ್ತಿದ್ದ. ಉಣ್ಣುವಾಗ ಪುಂಗಿ, ಮಲಗುವಾಗ ಪುಂಗಿ. ಹೆಂಡತಿ ಹೊನ್ನವ್ವ ನೇರ ಮಾತಿನವಳು. ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಯೇ ಕೇಳಿದಳು:

"ಮಂದಿ ಮನ್ಯಾಗ ಒಲಿ ಹತ್ತಿದ್ರ ನಿಮ್ಮ ಹೊಟ್ಟ್ಯಾಗ ಯಾಕ ಹೊಗಿ ಏಳತೈತಿ? ಅಂವ ನಿಮ್ಮದೇನ ಕಸ್ಕೊಂಡಾನ?"

"ಅದು ಹಂಗಲ್ಲ. ಅಂವ ಮಾಡೂದು ತಪ್ಪ ಐತಿ."

"ತಪ್ಪ ಐತಿ ಅಂತ ಸಿಟ್ಟೋ, ಅಂವ ಮಾಡ್ತಾನ ಅಂತ ಸಿಟ್ಟೋ, ಅದನ್ನಷ್ಟ ಹೇಳ್ರಿ."

ಯಾವುದೆಂದು ಶಶಿಕಾಂತನಿಗೂ ಗೊತ್ತಿರಲಿಲ್ಲ. ಯಾಕೆಂದರೆ ದಿಲಾವರನ ಕೆಲಸ ನಿಜಕ್ಕೂ ತಪ್ಪಾಗಿತ್ತು. ಮತ್ತು ಅದು ತಪ್ಪೆಂದು ಬಲ್ಲವನು ಆ ಸೀಮೆಯಲ್ಲಿ ಅವನೊಬ್ಬನೇ ಇದ್ದ.

ಪತ್ರಿಕೆಗಳಲ್ಲಿ ಓದಿ, ಹುಬ್ಬಳ್ಳಿಯವರನ್ನು ಕೇಳಿ ಅವನು ವಿಷಯ ತಿಳಿದುಕೊಂಡಿದ್ದ. ಬೀಗ ಮುರಿಯುವ ಕೀಲಿಯನ್ನು ಮಾಡಿದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಕಾವಲುಗಾರನನ್ನು ಮಲಗಿಸಿ ಒಳಗೆ ಬರುವವನು ಬರಿಗೈಯಲ್ಲಿ ಬರುವುದಿಲ್ಲ. ಇಂದು ಸುಮ್ಮನಿದ್ದು ನಾಳೆ ಕಡತಗಳನ್ನು ತಿನ್ನುವ ಹುಳವೂ ಅದರ ಜೊತೆಗೇ ಒಳಸೇರಿರಬಹುದು. ಒಂದು ಡಬ್ಬಿಗೆ ಹತ್ತಿದ್ದು ಪೆನ್ ಡ್ರೈವಿನ ಬೆನ್ನೇರಿ ಹತ್ತಾರು ಡಬ್ಬಿಗಳಿಗೆ ಹಬ್ಬುತ್ತದೆ. ಇದನ್ನೆಲ್ಲ ಅವನು ಬಸ್ಸು ಹತ್ತಿ ಊರೂರು ತಿರುಗಿ ಹೇಳಿದ. ಗಜೇಂದ್ರಗಡದ ಬಟ್ಟೆಯಂಗಡಿಗಳಲ್ಲಿ ಹೇಳಿದ, ನರಗುಂದದ ಸಂತೆಯಲ್ಲಿ ಹೇಳಿದ. ಅಲ್ಲಿ ಬೀಜ-ಗೊಬ್ಬರದ ಅಂಗಡಿಯ ಹೂವಪ್ಪ, ಅವನ ಹಳೆಯ ಪರಿಚಯದವನು, ಪೂರ್ತಿ ಕೇಳಿಸಿಕೊಂಡು, ಎಲೆ ಮಡಿಸಿ ಬಾಯಿಗಿಟ್ಟು ಹೇಳಿದ:

"ಶಶಣ್ಣಾ, ನೀ ಹೇಳೂದು ಖರೇನ ಇರಬಹುದು. ಆದ್ರ ನಿನ್ನ ಬಾಯಿಲೆ ಬಂದ್ರ ಖರೇನೂ ಹೊಟ್ಟಿಕಿಚ್ಚ ಆಗತೈತಿ ನೋಡಪ. ಇದನ್ನ ಬ್ಯಾರೆ ಯಾರರೆ ಹೇಳಿದ್ರ ನಂಬತಿದ್ದೆ."

ಜೀವಮಾನವೆಲ್ಲ ಪರರ ಏಳಿಗೆಗೆ ಗಾಜು ಒರೆಸಿದವನ ಬಾಯಲ್ಲಿ ಸತ್ಯ ಸಿಕ್ಕಿಹಾಕಿಕೊಂಡಿತ್ತು. ಅವನ ಎಚ್ಚರಿಕೆಗೆ ಅವನ ಸ್ವಭಾವವೇ ಅಡ್ಡ ನಿಂತಿತು. ಅವನು ಹೆಚ್ಚು ಹೇಳಿದಷ್ಟೂ ದಿಲಾವರನಿಗೆ ಗಿರಾಕಿಗಳು ಹೆಚ್ಚಿದರು, ಶಶಣ್ಣ ಇಷ್ಟು ಉರಿದುಕೊಳ್ಳಬೇಕಾದರೆ ಆ ಹುಡುಗನ ಕೈಯಲ್ಲಿ ವಿದ್ಯೆ ಇರಲೇಬೇಕೆಂದು ಜನ ಲೆಕ್ಕ ಹಾಕಿದರು.

ಆ ದಸರೆಯ ಮುಂದೆ ಅಸೂಟಿಯ ಮಾಳಪ್ಪನವರ ಮಗಳು ಚಿನ್ನುವಿನ ಲಗ್ನದ ಕಾರ್ಡು ಅವನಿಗೆ ಬಂತು. ಮಾಳಪ್ಪನವರು ದೊಡ್ಡ ಮನೆತನದ ಹಿರಿಯರು. ಅವರಿಗೆ ತಂಗಿಯೊಬ್ಬಳು ಸಕ್ರವ್ವ, ಅವಳ ಕೆಳಗೆ ಇಬ್ಬರು ತಮ್ಮಂದಿರು. ಹಿಂದೊಮ್ಮೆ ಆ ಮನೆಯ ಮದುವೆಯಲ್ಲಿ, ಎಲ್ಲಿಯೋ ಅಚ್ಚಾದ ಕಾರ್ಡಿನಲ್ಲಿ, ಸಕ್ರವ್ವನ ಹೆಸರು ಬಿಟ್ಟುಹೋಗಿತ್ತು. ಅಂದಿನಿಂದ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ಈಗ ಮಾಳಪ್ಪನವರು ಅವಳ ಮನೆಗೆ ತಾವೇ ಹೋಗಿ ಒಪ್ಪಿಸಿದ್ದರು. ಷರತ್ತು ಒಂದೇ: ಅಣ್ಣನ ಹೆಸರಿನ ಕೆಳಗೆ, ತಮ್ಮಂದಿರಿಗಿಂತ ಮೇಲೆ, ಅವಳ ಹೆಸರು ಬರಬೇಕು. ಹೆಣ್ಣುಮಗಳ ಹೆಸರು ಗಂಡಸರ ಮೇಲೆ ಬರುವುದು ಆ ಮನೆಗೆ ಹೊಸದು. ತಮ್ಮಂದಿರು ಗೊಣಗಿದರು, ಎದ್ದು ಹೋದರು, ಮತ್ತೆ ಬಂದರು. ಶಶಿಕಾಂತ ತನ್ನ ಅಂಗಡಿಯಲ್ಲೇ ಎಲ್ಲರನ್ನೂ ಕೂರಿಸಿ, ಪರದೆಯ ಮೇಲೆ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ಸರಿಸಿ, ಒಂದು ಅಕ್ಷರ ದಪ್ಪ ಮಾಡಿ ಇನ್ನೊಂದು ತೆಳು ಮಾಡಿ, ಅಂತೂ ಎಲ್ಲರಿಂದ ಹೂಂ ಎನ್ನಿಸಿದ. ಸಕ್ರವ್ವ ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇ ಇರ್ಲಿ ತಮ್ಮಾ, ಇನ್ನ ಸರಿಸಬ್ಯಾಡ" ಎಂದಳು. ಖಂಡೇಪೂಜೆ ಮುಗಿದ ಮೇಲೆ ಅಚ್ಚು ಹಾಕುವುದೆಂದಾಯಿತು.

ಖಂಡೇಪೂಜೆಯ ದಿನ ನಮ್ಮ ಕಡೆ ದುಡಿಯುವ ಸಾಮಾನುಗಳಿಗೆ ರಜೆ. ಕುಡುಗೋಲು, ಕೂರಿಗೆ, ಟ್ರ್ಯಾಕ್ಟರು, ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚಿ ಪೂಜಿಸಿ, ಅಂದು ಅವನ್ನು ದುಡಿಸುವುದಿಲ್ಲ. ಶಶಿಕಾಂತನೂ ಡಬ್ಬಿಯನ್ನು ಒರೆಸಿ, ಅಸಲಿ ಚೀಟಿಯ ಪಕ್ಕದಲ್ಲಿ ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿದ. ಅಷ್ಟಕ್ಕೆ ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ದಿಲಾವರನನ್ನು ಪೂಜೆಗೆ ಕರೆಯುತ್ತಿದ್ದುದನ್ನು, ಅವನ ಬೊಗಸೆಗೆ ಚುರುಮುರಿ, ತೆಂಗಿನಕಾಯಿ ಹೋಳು ಹಾಕುತ್ತಿದ್ದುದನ್ನು, ಸಾಬರ ಹುಡುಗನಾದರೂ ಅವನ ಕೈಯಿಂದಲೇ ಕಂಪ್ಯೂಟರಿಗೆ ಹೂವೇರಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಶಶಿಕಾಂತನನ್ನು ಕರೆಯಲು ಯಾರೂ ಬಂದಿರಲಿಲ್ಲ. ಅವನಿಗೆ ಹೊಟ್ಟೆ ಉರಿಯಿತು. ಈ ಮಾತನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಒಲೆಯೊಳಗಿನ ಕಟ್ಟಿಗೆಯಂತೆ ಉರಿಯಿತು.

ಅವನ ಕೋಟಿನ ಜೇಬಿನಲ್ಲಿ ಆ ಸಿ.ಡಿ. ಇತ್ತು. ಮತ್ತೆ ಬೇಕಾದೀತೆಂದು ದಿಲಾವರ ಹೂವಪ್ಪನ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ನಕಲನ್ನು, ಏನೋ ನೆಪ ಹೇಳಿ ಇಸಿದುಕೊಂಡು ತಂದಿದ್ದ. ಕಳ್ಳನ ದಾರಿ ತಿಳಿದರೆ ತಾನೆ ಕಳ್ಳನನ್ನು ಹಿಡಿಯುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಖರೇ ಕಾರಣ ಬೇರೆ. ಆ ಪುಂಗಿಯಲ್ಲಿ ಏನಿದೆ, ಅವನ ಬೆರಳಿಗೆ ಬರುವುದು ತನ್ನ ಬೆರಳಿಗೆ ಯಾಕೆ ಬರಬಾರದು, ತಾನೂ ಒಮ್ಮೆ ಕಪ್ಪನ್ನು ನೀಲಿ ಮಾಡಿ ಜನರ ಬಾಯಲ್ಲಿ ಆಹಾ ಎನ್ನಿಸಿಕೊಳ್ಳಬಾರದೇಕೆ ಎಂಬ ಆಸೆ ತಿಂಗಳುಗಟ್ಟಲೆ ಅವನನ್ನು ಕೊರೆದಿತ್ತು. ತನ್ನ ತಾಟಿನಲ್ಲಿ ಹೋಳಿಗೆಯಿದ್ದರೂ ಪಕ್ಕದವನ ರೊಟ್ಟಿಯ ಮೇಲೇ ಕಣ್ಣು. ಅಂಗಡಿಯ ಬಾಗಿಲು ಅರ್ಧ ಎಳೆದು, ಪೂಜೆಗೊಂಡು ಕೂತ ಡಬ್ಬಿಯನ್ನು ಎಬ್ಬಿಸಿ, ಸಿ.ಡಿ. ತುರುಕಿದ. ಆಂಟಿವೈರಸ್ ಮುಚ್ಚು ಎಂದು ಕೀಲಿ ಕೇಳಿತು. ಊರೂರಿಗೆ ಹೋಗಿ ಮುಚ್ಚಬೇಡಿರೆಂದು ಸಾರಿದವನು ತನ್ನ ಕೈಯಾರೆ ಮುಚ್ಚಿದ. ಪುಂಗಿ ಊದಿತು. ಅಯ್ಯೋ ಪಾಪ, ಅವನೂ ತಲೆದೂಗಿದ.

ಮರುದಿನ ಬನ್ನಿ ಹಬ್ಬ ಕಳೆಯಿತು. ಅದರ ಮರುದಿನ ಡಬ್ಬಿಯನ್ನು ಹಚ್ಚಿದಾಗ ಪರದೆ ಕಪ್ಪಾಗಿತ್ತು, ಮೂಲೆಯಲ್ಲಿ ಇದು ಅಸಲಿಯಲ್ಲ ಎಂದು ಬರೆದಿತ್ತು. ನಕಲಿಗೆಂದು ಮಾಡಿದ ಕೀಲಿ ಅಸಲಿಯ ಬೀಗವನ್ನೇ ಕೆಡಿಸಿತ್ತು. ಪಕ್ಕೆಯ ಮೇಲೆ ಅಸಲಿಯ ಚೀಟಿ ಹಾಗೆಯೇ ಹೊಳೆಯುತ್ತಿತ್ತು. ಅಸೂಟಿಯ ಕಾರ್ಡಿನ ಕಡತ ತೆರೆದ. ಹೆಸರುಗಳಿದ್ದ ಜಾಗದಲ್ಲಿ ಚೌಕಗಳು, ಕೊಕ್ಕೆಗಳು, ಯಾವ ಭಾಷೆಯೂ ಅಲ್ಲದ ಗೀಚು. ಶಿರೋಳದವರದು ತೆರೆದ, ಯಾವಗಲ್ಲಿನವರದು ತೆರೆದ, ಎಲ್ಲವೂ ಹಾಗೆಯೇ. ಬೇರೊಂದು ಕಡೆ ನಕಲು ಇಟ್ಟಿದ್ದನೇ ಎಂದರೆ, ಇಟ್ಟಿದ್ದ. ಅದೇ ಡಬ್ಬಿಯ ಇನ್ನೊಂದು ಮೂಲೆಯಲ್ಲಿ. ಅಸಲಿಗೆ ಏನಾದೀತು ಎಂಬ ಸೊಕ್ಕು ಅವನದು. ಅವನು ಮನೆಗೆ ಹೋಗಿ ಕೋಟು ಸಹಿತ ಗೋಡೆಗೆ ಮುಖ ಮಾಡಿ ಮಲಗಿದ. ವಿಷಯ ತಿಳಿದ ಹೊನ್ನವ್ವ ಗಂಡನನ್ನು ಒಂದು ಮಾತೂ ಕೇಳದೆ ದಿಲಾವರನಿಗೆ ಫೋನು ಮಾಡಿದಳು.

ದಿಲಾವರ ಬಂದ. ಶಶಿಕಾಂತ ಎದ್ದು ಬಂದು ಅಂಗಡಿಯ ಮೂಲೆಯಲ್ಲಿ ನಿಂತ. ಡಬ್ಬಿಯ ಮುಂದೆ ಕೂತ ದಿಲಾವರ ಹಿಂದೆ ಸರಿದಿದ್ದ ತಾರೀಖನ್ನು ನೋಡಿದ. ಅವನ ನಗು ಅಲ್ಲಿಗೇ ನಿಂತಿತು. ತನ್ನ ಮನೆಯ ಮಗು ಎಲ್ಲಿದ್ದರೂ ಗುರುತು ಸಿಗುತ್ತದೆ. ಶಶಿಕಾಂತನ ಮುಖ ನೋಡಿದ. ಮಧ್ಯಾಹ್ನದವರೆಗೆ ಏನೇನೋ ಮಾಡಿ, ಕೊನೆಗೆ ಕೈ ಕಟ್ಟಿ ಕೂತ.

"ಬರೂದಿಲ್ರಿ ಅಣ್ಣಾರ. ಇದರಾಗ ಹಿಂಗೊಂದು ಇತ್ತು ಅಂತ ನನಗೂ ಗೊತ್ತಿದ್ದಿಲ್ರಿ. ಎಲ್ಲಾರ ಡಬ್ಬಿಗೂ ಇದನ್ನ ಹಾಕೀನ್ರಿ, ಅಲ್ಲೆ ಇನ್ನೂ ಎದ್ದಿಲ್ಲ ಅಷ್ಟರಿ."

ಅದೇ ಹೊತ್ತಿಗೆ ಕಾರ್ಡು ಒಯ್ಯಲು ಮಾಳಪ್ಪನವರು ತಮ್ಮಂದಿರ ಸಮೇತ ಮೆಟ್ಟಿಲು ಹತ್ತಿದರು. ಕಡತ ಹೋಯಿತೆಂದು ಹೊನ್ನವ್ವ ಹೇಳಿದಳು. ಮಾಳಪ್ಪನವರು ಡಬ್ಬಿಯ ಮುಂದೆ ಕೂತವನನ್ನು ಕಂಡರು. ಅವನ ಬಗ್ಗೆ ಶಶಿಕಾಂತ ತಿಂಗಳುಗಟ್ಟಲೆ ಸಾರುತ್ತಿದ್ದ ಮಾತುಗಳೆಲ್ಲ ಅವರಿಗೆ ಒಮ್ಮೆಗೇ ನೆನಪಾದವು.

"ಶಶಿಕಾಂತಾ, ಈ ಹುಡುಗ ಕೈ ಹಾಕಿ ಹಾಳ ಮಾಡಿದನೇನ? ಹೌದು ಅನ್ನು, ಇವತ್ತಿಂದ ಮೂರೂ ಊರಾಗ ಯಾರೂ ಇವನ್ನ ಕಟ್ಟಿ ಹತ್ತಿಸಿಕೊಳ್ಳದಂಗ ಮಾಡ್ತೀನಿ."

ಅವರು ಮಾಡಬಲ್ಲವರಾಗಿದ್ದರು. ದಿಲಾವರ ತಲೆ ತಗ್ಗಿಸಿ ಕೂತಿದ್ದ, ಸಿ.ಡಿ. ತನ್ನದು, ಕೂತದ್ದು ತಾನು, ಎದುರಿಗಿರುವವನು ಶಶಿಕಾಂತ. ಬೇರೆ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ. ಶಶಿಕಾಂತನೋ, ಈ ಒಂದು ಗಳಿಗೆಗಾಗಿ ಹಂಬಲಿಸಿ ಹಂಬಲಿಸಿ ಸೊರಗಿದವನು. ಹೂಂ ಎಂಬ ಒಂದಕ್ಷರ ಸಾಕಾಗಿತ್ತು, ಅದೂ ಪೂರ್ತಿ ಸುಳ್ಳಾಗಿರುತ್ತಿರಲಿಲ್ಲ. ಅವನು ಬಾಯಿ ತೆರೆದ.

"ಅದು ಹಂಗಲ್ರಿ ಗೌಡ್ರ. ಅಂವಂಗೆಲ್ಲಿ ಬರ್ತೈತಿ ಇಷ್ಟು? ನನ್ನ ಡಬ್ಬಿ ಕೆಡಸಾಕ ಅಂವ ಯಾರ್ರೀ? ನಾನ ಹಾಕೀನಿ. ಅಂವನ ಸಿ.ಡಿ. ಇಸ್ಕೊಂಬಂದು, ಬಾಗಲಾ ಹಾಕ್ಕೊಂಡು, ನನ್ನ ಕೈಲೆ ನಾನ ಹಾಕೀನಿ."

ಜೀವಮಾನದಲ್ಲಿ ಎದುರಾಳಿಯ ಯಾವ ಕೀರ್ತಿಯನ್ನೂ ಸಹಿಸದವನು, ತನ್ನನ್ನು ಹಾಳುಮಾಡಿದ ಕೀರ್ತಿಯನ್ನೂ ಅವನಿಗೆ ಬಿಟ್ಟುಕೊಡಲಿಲ್ಲ. ಅದು ಸತ್ಯನಿಷ್ಠೆಯೋ, ಹೊಟ್ಟೆಕಿಚ್ಚಿನ ಕಟ್ಟಕಡೆಯ ಹಟವೋ ಎಂಬುದು ರೋಣದಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಅವನ ಮಾತನ್ನು ಜನ ಮೊದಲ ಸಲ ನಂಬಿದರು. ಶಶಣ್ಣನಂಥ ಶಶಣ್ಣನೇ ತನ್ನ ತಪ್ಪು ಒಪ್ಪಿದ್ದಾನೆಂದರೆ ಸಿ.ಡಿ.ಯಲ್ಲಿ ವಿಷವಿರುವುದು ಖಾತ್ರಿಯೆಂದು ಹೂವಪ್ಪ ಮೊದಲುಗೊಂಡು ಎಲ್ಲರೂ ತಮ್ಮ ಡಬ್ಬಿಗಳನ್ನು ತೊಳೆಸಿದರು. ತೊಳೆದವನು ದಿಲಾವರನೇ, ಚೀಲದ ಆ ಸಿ.ಡಿ.ಗಳನ್ನೆಲ್ಲ ಅವನು ಒಂದೊಂದಾಗಿ ಮುರಿದುಹಾಕಿದ್ದ.

ಅಸೂಟಿಯ ಮನೆ ಮಾತ್ರ ಕೂಡಿಕೊಳ್ಳಲಿಲ್ಲ. ಶಶಿಕಾಂತ ಅಲ್ಲಿಗೆ ಹೋಗಿ ಎಲ್ಲರ ಕಾಲಿಗೆ ಬಿದ್ದು ಮತ್ತೆ ಹೆಸರು ಹೊಂದಿಸಲು ಕೂತ. ಆದರೆ ಒಮ್ಮೆ ಹೂಂ ಎಂದ ತಮ್ಮಂದಿರು ಎರಡನೆಯ ಸಲ ಹೂಂ ಎನ್ನಲಿಲ್ಲ. ಕಡೆಗೆ ಯಾರ ಹೆಸರೂ ಇಲ್ಲದೆ ಮನೆತನದ ಹೆಸರೊಂದನ್ನೇ ಹಾಕಿ ಕಾರ್ಡು ಅಚ್ಚಾಯಿತು. ತುಳಸಿ ಲಗ್ನ ಮುಗಿದ ಮೇಲೆ ನಡೆದ ಆ ಮದುವೆಗೆ ಸಕ್ರವ್ವ ಬಂದಳು, ಹಂದರದ ಅಂಚಿಗೆ ನಿಂತು ಚಿನ್ನುವಿನ ಮೇಲೆ ಅಕ್ಕಿಕಾಳು ಹಾಕಿದಳು, ಊಟಕ್ಕೆ ಕೂರದೆ ಬಸ್ಸಿಗೆ ಹೋದಳು. ಹಂದರದ ಇನ್ನೊಂದು ಅಂಚಿನಲ್ಲಿ ನಿಂತಿದ್ದ ಶಶಿಕಾಂತ ಅದನ್ನು ಕಂಡ. ಅವನೂ ಅಂದು ಉಣ್ಣಲಿಲ್ಲ.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಲೋಕದವರ ಗುಣವನ್ನು ಇವರಷ್ಟು ಸೂಕ್ಷ್ಮವಾಗಿ ಬಲ್ಲವರು ಯಾರೂ ಇಲ್ಲ. ಗೆಳೆಯರು ನಮ್ಮ ಏಳಿಗೆಯನ್ನು ಮರೆತಾರು, ಇವರು ಮರೆಯುವುದಿಲ್ಲ. ನಾವು ನಕ್ಕು ಬಿಡುವ ಇವರ ಕಹಿಯಲ್ಲಿ ಎಷ್ಟೋ ಸಲ ಊರಿಗೇ ಬೇಕಾದ ಎಚ್ಚರವಿರುತ್ತದೆ, ಆದರೆ ಅದನ್ನು ನಂಬಿಸುವ ಬಾಯಿ ಇವರಿಗಿಲ್ಲ. ತಮ್ಮ ಕೈಯಲ್ಲಿರುವುದು ಅಸಲಿಯೆಂದು ಇವರಿಗೆ ಚೆನ್ನಾಗಿ ಗೊತ್ತು. ಇನ್ನೊಬ್ಬನು ನಕಲಿಯನ್ನಿಟ್ಟುಕೊಂಡೇ ನಗುನಗುತ್ತ ಬದುಕಿದ್ದಾನಲ್ಲ ಎಂಬುದನ್ನು ತಡೆಯಲಾರದೆ, ಅವನ ನಗುವಿನ ಬೆಲೆಗೆ ತಮ್ಮ ಅಸಲಿಯನ್ನು ತಾವೇ ಮಾರಿಕೊಳ್ಳುತ್ತಾರೆ, ಮತ್ತು ಆ ಬೆಲೆಯನ್ನು ತೆರುವವರು ಏನೂ ಅರಿಯದ ಯಾರೋ ಸಕ್ರವ್ವಂದಿರು.